ಗಿರಣಿ ನಿಂತ ವರ್ಷಗಳು

ಅಕ್ಕಿ ಗಿರಣಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಈಗಲೂ ನಮ್ಮ ಮನೆಗೆ ಬಂದು ಹೋಗುತ್ತಾರೆ. ಅವರು ಕೇಳುವುದೆಲ್ಲ ಯಂತ್ರದ ಬಗ್ಗೆ. ರಬ್ಬರ್ ರೋಲುಗಳ ನಡುವೆ ಎಷ್ಟು ಸಂದು ಬಿಡಬೇಕು, ಪಾಲಿಶ್ ಹೆಚ್ಚಾಗಿ ಅಕ್ಕಿ ಒಡೆಯತೊಡಗಿದರೆ ಏನು ಮಾಡಬೇಕು, ಭತ್ತ ಮೇಲೇರಿಸುವ ಎಲಿವೇಟರ್ ಕಟ್ಟಿಕೊಂಡರೆ ಮೊದಲು ಯಾವ ಸ್ವಿಚ್ಚು ಆರಿಸಬೇಕು. ಇವೆಲ್ಲ ಒಂದು ಸುಗ್ಗಿ ಮುಗಿಯುವುದರೊಳಗೆ ಕೈಗೆ ಹತ್ತುತ್ತವೆ. ಆದರೆ ಯಂತ್ರ ಸರಿಯಾಗಿದ್ದು, ಕರೆಂಟೂ ಇದ್ದು, ಅಂಗಳದ ತುಂಬ ಭತ್ತವೂ ಇದ್ದು, ಗಿರಣಿ ಮಾತ್ರ ನಿಂತುಬಿಡುವ ದಿನಗಳಿರುತ್ತವೆ. ದೂರದಲ್ಲಿ ಯಾರೋ ಮಾಡಿದ ತೀರ್ಮಾನ ನಮ್ಮ ಗೇಟಿನ ತನಕ ಬಂದು ಕೂತಿರುತ್ತದೆ. ಅಂಥ ದಿನ ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಸುರಪುರದ ಕಡೆಯ ಹಳ್ಳಿ. ಅಪ್ಪ, ಅವ್ವ ಇಬ್ಬರೂ ಹೊಲದ ಕೂಲಿಗೆ ಹೋಗುತ್ತಿದ್ದರು. ನಮ್ಮಲ್ಲಿ ಆಗ ಊಟವೆಂದರೆ ಜೋಳದ ರೊಟ್ಟಿ. ಅನ್ನ ಕಾಣುತ್ತಿದ್ದುದು ಹಬ್ಬಕ್ಕೆ, ಇಲ್ಲವೇ ಯಾರಿಗಾದರೂ ಜ್ವರ ಬಂದಾಗ. ನಾನು ಮೊದಲು ಕೆಲಸಕ್ಕೆ ಸೇರಿದ್ದು ರಂಗಂಪೇಟೆಯ ಒಂದು ಹಿಟ್ಟಿನ ಗಿರಣಿಯಲ್ಲಿ. ಜೋಳ, ಗೋಧಿ, ಖಾರ ಬೀಸುವುದೇ ಅಲ್ಲಿನ ಕೆಲಸ. ಮೂಲೆಯಲ್ಲಿ ಭತ್ತ ಕುಟ್ಟುವ ಹಲ್ಲರ್ ಒಂದಿತ್ತು. ಕೆರೆಯ ಕೆಳಗಿನ ಒಂದಿಷ್ಟು ಗದ್ದೆಯವರು ಬಿಟ್ಟರೆ ಅದರ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ. ಅದರ ಬಾಯಲ್ಲಿ ಇಲಿ ಮರಿ ಹಾಕುತ್ತಿತ್ತು.

ಆಮೇಲೆ ಕಾಲುವೆಗೆ ನೀರು ಬಂತು. ಮೊದಮೊದಲು ನಮ್ಮ ಜನ ದಂಡೆಯ ಮೇಲೆ ನಿಂತು ನೀರು ನೋಡಿ ಮನೆಗೆ ಹೋಗುತ್ತಿದ್ದರು. ಆಂಧ್ರದ ರೈತರು ಬಂದು ಹೊಲಗಳನ್ನು ಗುತ್ತಿಗೆಗೆ ಹಿಡಿದು, ಕ್ಯಾಂಪು ಕಟ್ಟಿಕೊಂಡು, ಎರೆಯ ಹೊಲವನ್ನು ಮಟ್ಟ ಮಾಡಿ ಬದು ಹಾಕಿ ಗದ್ದೆ ಮಾಡಿದರು. ನಮ್ಮವರು ಅವರಲ್ಲಿಗೆ ನಾಟಿಯ ಕೂಲಿಗೆ ಹೋಗಿ ಕೆಲಸ ಕಲಿತು, ಆಮೇಲೆ ತಮ್ಮ ಹೊಲದಲ್ಲೂ ಭತ್ತ ಹಾಕಿದರು. ನನ್ನ ಹೆಂಡತಿ ಶಾಂತಮ್ಮ ಹಾಗೆ ಕಲಿತವಳು. ಸಸಿ ಹಚ್ಚುವುದರಲ್ಲಿ ಅವಳ ಕೈ ಎಷ್ಟು ಚುರುಕಾಯಿತೆಂದರೆ ಕೆಲವೇ ವರ್ಷಗಳಲ್ಲಿ ನಮ್ಮ ಓಣಿಯ ಹೆಣ್ಣುಮಕ್ಕಳ ನಾಟಿ ಗುಂಪಿಗೆ ಅವಳೇ ಮುಂದಾಳಾದಳು.

ಕಾಲುವೆಯ ಹಿಂದೆಯೇ ಗಿರಣಿಗಳು ಬಂದವು. ಶಹಾಪುರದ ಹೊರಗೆ ಸಂಗಣ್ಣ ಸಾವ್ಕಾರರದು ಶೇಂಗಾ ಎಣ್ಣೆಯ ಗಿರಣಿ ಇತ್ತು. ಶೇಂಗಾ ಬೆಳೆಯುವವರೇ ಭತ್ತಕ್ಕೆ ತಿರುಗಿದ ಮೇಲೆ ಅವರೂ ತಿರುಗಿದರು. ಮೊದಲು ಒಂದು ಹಲ್ಲರ್ ಇಟ್ಟುಕೊಂಡು ನೋಡಿ, ಆಮೇಲೆ ಸಾಲ ಮಾಡಿ ದೊಡ್ಡ ಗಿರಣಿಯನ್ನೇ ಹಾಕಿದರು. ನಾನು ಅಲ್ಲಿ ಆಪರೇಟರ್ ಆಗಿ ಸೇರಿ, ಅಲ್ಲಿಂದಲೇ ನಿವೃತ್ತನಾದೆ. ಶಹಾಪುರದಲ್ಲೇ ಮನೆ ಮಾಡಿದೆವು; ಅಲ್ಲಿನ ಓಣಿಯಲ್ಲೂ ಶಾಂತಮ್ಮ ನಾಟಿ ಗುಂಪು ಕಟ್ಟಿದಳು.

ಸಾವ್ಕಾರರು ಕೆಟ್ಟ ಮನುಷ್ಯರಲ್ಲ, ಮೆತ್ತನೆಯವರೂ ಅಲ್ಲ. ಮುಂಜಾನೆ ಬಂದವರೇ ಭತ್ತದ ರಾಶಿಗೆ ಮೊಣಕೈ ತನಕ ಕೈ ಹಾಕುವರು. ಒಳಗೆ ಬಿಸಿ ಹತ್ತಿದ್ದರೆ ನಮಗೆಲ್ಲ ಬೈಗುಳ. ಒಂದು ವರ್ಷ ಅಕ್ಕಿಯ ದರ ವಾರವಾರಕ್ಕೂ ಏರುತ್ತಿತ್ತು. ಸಾವ್ಕಾರರು ಇನ್ನೂ ಏರಲೆಂದು ಮಾರದೆ ಕೂತರು. ಗೋದಾಮು ತುಂಬಿ, ಎಣ್ಣೆ ಗಿರಣಿಯ ಹಳೆ ಶೆಡ್ಡೂ ತುಂಬಿತು. ಅಷ್ಟರಲ್ಲಿ ಬೇರೆ ಕಡೆಯ ಹೊಸ ಅಕ್ಕಿ ಪೇಟೆಗೆ ಬಂದು ದರ ಕುಸಿಯಿತು. ಒಳಗಿಟ್ಟ ಭತ್ತ ಕಾವು ಹಿಡಿದು ಅಕ್ಕಿ ಅರಿಸಿನ ಹಚ್ಚಿದಂತೆ ಹಳದಿಯಾಗಿತ್ತು. ಅದನ್ನು ಕೋಳಿಯ ಮೇವಿಗೆ ಕಳಿಸುವಾಗ ಸಾವ್ಕಾರರು ಲಾರಿಯ ಪಕ್ಕ ನಿಂತು, "ಆಸಿಗಿ ಎಷ್ಟ್ ದೊಡ್ಡ ಗೋದಾಮು ಇದ್ರೂ ಸಣ್ಣದೇ ನೋಡೋ ಭೀಮರಾಯ" ಅಂದರು. ಅವರು ನನ್ನ ಮುಂದೆ ತಮ್ಮ ತಪ್ಪು ಒಪ್ಪಿದ್ದು ಅದೊಂದೇ ಸಲ.

ಗಿರಣಿ ನಿಜವಾಗಿ ನಿಂತದ್ದು ನೋಟು ರದ್ದಾದ ಸುಗ್ಗಿಯಲ್ಲಿ. ಮುಂಗಾರಿನ ಭತ್ತ ಕೊಯ್ಲಿಗೆ ಬಂದಿತ್ತು. ಟ್ರ್ಯಾಕ್ಟರುಗಳು ಸಾಲುಗಟ್ಟಿ ಬರುವ ಕಾಲ. ಆ ವರ್ಷವೂ ಬಂದವು, ಆದರೆ ಮಾಲು ಇಳಿಸದೆ ಹಾಗೇ ನಿಂತವು. ಸಾವ್ಕಾರರ ಕೈಯಲ್ಲಿ ಹಳೇ ನೋಟು ಬಿಟ್ಟರೆ ಬೇರೆ ಇರಲಿಲ್ಲ. ಅವರು ಎಲ್ಲರಿಗೂ ಚೆಕ್ಕು ಬರೆದು ಕೊಡುತ್ತೇನೆ ಅಂದರು. ಅದರಲ್ಲಿ ಮೋಸವೇನೂ ಇರಲಿಲ್ಲ.

ಕಾಲುವೆಯ ಕೊನೆಯ ಹೊಲದವಳಾದ ಹಣಮವ್ವ ಅಂದು ಟ್ರ್ಯಾಕ್ಟರಿನಿಂದ ಇಳಿದು ಬಂದಳು. ಅವರದು ಮೊದಲು ಕುರಿ ಸಾಕುವ ಮನೆತನ. ನೀರು ಬಂದ ಮೇಲೆ ಕುರಿ ಕಡಿಮೆ ಮಾಡಿ ಗದ್ದೆ ಮಾಡಿದ್ದರು. ಗಂಡ ತೀರಿಕೊಂಡ ಮೇಲೆ ಹೊಲದ ವ್ಯವಹಾರವೆಲ್ಲ ಅವಳದೇ.

"ಸಾವ್ಕಾರ್ರ, ಚೆಕ್ಕ ತಗೊಂಡು ನಾ ಏನ್ ಮಾಡ್ಲಿ? ಕೊಯ್ದ ಮಂದಿ ಮನಿ ಮುಂದ ಕುಂತಾರ. ಚೆಕ್ಕ ಹರದು ಒಬ್ಬೊಬ್ಬರಿಗಿ ಒಂದೊಂದು ಚೂರು ಹಂಚ್ಲೇನು?"

"ಬ್ಯಾಂಕಿಗಿ ಹಾಕವ್ವ. ನಾಕ ದಿನ ತಡಕೊಂಡ್ರ ಬರ್ತದ."

"ನಿನ್ನೆ ಬ್ಯಾಂಕಿನ ಮುಂದ ನಿಂತು ಬಂದೀನ್ರಿ. ನನ್ನ ಪಾಳಿ ಬರೂದ್ರಾಗ ಬಾಗಲಾ ಹಾಕಿದ್ರು. ರೊಕ್ಕ ಬ್ಯಾಡ ಬಿಡ್ರಿ. ನನ್ನ ನೆಲ್ಲು ಕುಟ್ಟಿ ನನಗ ಅಕ್ಕಿನೇ ಕೊಡ್ರಿ. ಕೂಲಿ ಮಂದಿಗಿ ಅಕ್ಕಿನೇ ಅಳದು ಕೊಡ್ತೀನಿ. ಅವರಿಗೂ ಹೊಟ್ಟಿ ಅದ."

ನೆಲ್ಲು ಅಂದರೆ ನಮ್ಮ ಕಡೆ ಭತ್ತ. ಸಾವ್ಕಾರರು ನನ್ನ ಮುಖ ನೋಡಿದರು. ನಾನು ಆಗುವುದಿಲ್ಲ ಅಂದೆ. ದೊಡ್ಡ ಗಿರಣಿಗೆ ಒಬ್ಬ ರೈತನ ಮಾಲು ಸಾಲುವುದಿಲ್ಲ. ಅದರ ಎಲಿವೇಟರು, ಡಬ್ಬಿಗಳು ತುಂಬುವುದಕ್ಕೇ ಒಂದು ಟ್ರ್ಯಾಕ್ಟರ್ ಭತ್ತ ಬೇಕು. ಒಬ್ಬರದರಲ್ಲಿ ಇನ್ನೊಬ್ಬರದು ಬೆರೆತು ಜಗಳ ಬರುತ್ತದೆ.

"ಆ ಹಳೇ ಶೆಡ್ಡಿನ್ಯಾಗ ಒಂದು ಬಿದ್ದದಲ್ಲ, ಅದು ಕುಟ್ಟಂಗಿಲ್ಲೇನು?" ಅಂದಳು ಹಣಮವ್ವ.

ಅವಳು ಹೇಳಿದ್ದು ಸಾವ್ಕಾರರ ಹಳೇ ಹಲ್ಲರ್ ವಿಚಾರ. ನನಗೆ ಅದು ಇಷ್ಟವಾಗಲಿಲ್ಲ. ಹಲ್ಲರ್ ಅಕ್ಕಿಯನ್ನು ಒಡೆಯುತ್ತದೆ, ನುಚ್ಚು ಬಹಳ ಬೀಳುತ್ತದೆ. ಹೊಟ್ಟು, ತವುಡು ಎರಡೂ ಒಂದಾಗಿ ಹೋಗುತ್ತವೆ. ಬಣ್ಣ ನೋಡಿ ಕಾಳು ಆರಿಸುವ ಯಂತ್ರ ನಡೆಸುತ್ತಿದ್ದವನು ನಾನು; ಮತ್ತೆ ಅದರ ಮುಂದೆ ನಿಲ್ಲುವುದೆಂದರೆ ಮೋಟಾರು ಬಿಟ್ಟು ಬಂಡಿ ಹತ್ತಿದ ಹಾಗೆ ಅನ್ನಿಸಿತು. ಆದರೆ ಹೊರಗೆ ಟ್ರ್ಯಾಕ್ಟರುಗಳು ನಿಂತೇ ಇದ್ದವು. ಕೆಲವರು ಅಲ್ಲೇ ನೆರಳಿಗೆ ಮಲಗಿದ್ದರು.

ಶೆಡ್ಡು ತೆಗೆದು, ಹಲ್ಲರಿನ ಬ್ಲೇಡು ಬದಲಿಸಿ, ಒಣಗಿ ಬಿರುಕುಬಿಟ್ಟ ಬೆಲ್ಟಿಗೆ ಹೊಲಿಗೆ ಹಾಕಿ ತಿರುಗಿಸಿದೆ. ಹಸಿ ಭತ್ತ ಅದರಲ್ಲಿ ನಡೆಯುವುದಿಲ್ಲ. ಹಣಮವ್ವನ ಜೊತೆ ಬಂದ ಹೆಣ್ಣುಮಕ್ಕಳು ಅಂಗಳದಲ್ಲಿ ಭತ್ತ ಹರವಿ, ಕಾಲಿನಿಂದ ತಿರುವಿ ತಿರುವಿ ಒಣಗಿಸಿದರು. ಕುಟ್ಟಿದ ಕೂಲಿಗೆ ತವುಡನ್ನು ಗಿರಣಿ ಇಟ್ಟುಕೊಂಡಿತು. ಹಣಮವ್ವ ಅಕ್ಕಿ, ನುಚ್ಚು ಎರಡನ್ನೂ ಹೇರಿಕೊಂಡು ಹೋದಳು.

ಮರುದಿನ ಉಳಿದವರೂ ಅದನ್ನೇ ಕೇಳಿದರು. ಆ ಸುಗ್ಗಿಯಲ್ಲಿ ದೊಡ್ಡ ಗಿರಣಿ ಮುಸುಕು ಹಾಕಿಕೊಂಡು ಮಲಗಿತು, ಹಲ್ಲರ್ ದುಡಿಯಿತು. ಇದೇನು ದೊಡ್ಡ ಸುಖದ ಕಾಲವೆಂದು ನೀವು ತಿಳಿಯಬಾರದು. ಕೂಲಿಯವರಿಗೆ ಅಕ್ಕಿ ಸಿಕ್ಕಿತು. ಎಣ್ಣೆ, ಔಷಧ, ಬಸ್ಸಿನ ಚಾರ್ಜಿಗೆ ಅಕ್ಕಿ ನಡೆಯಲಿಲ್ಲ. ನಮ್ಮ ಓಣಿಯ ಕಿರಾಣಿ ಅಂಗಡಿಯವನು ಕೆಲವು ದಿನ ಅಕ್ಕಿ ತೆಗೆದುಕೊಂಡು ಸಾಮಾನು ಕೊಟ್ಟ. ಆಮೇಲೆ ಶಾಂತಮ್ಮ ಕೂಲಿಗೆ ಬಂದ ಅಕ್ಕಿಯ ಗಂಟು ಒಯ್ದಾಗ ಕೈ ಮುಗಿದುಬಿಟ್ಟ. "ಅಕ್ಕಾ, ಅಂಗಡ್ಯಾಗ ಜಾಗ ಇಲ್ಲ. ಇನ್ನ ನಾ ಮಲಗೂ ಹಾಸಿಗಿ ಅಷ್ಟೇ ಉಳದದ. ಅದರ ಮ್ಯಾಲ ಸುರುವಿ ಹೋಗು." ಅವನದೂ ತಪ್ಪಿರಲಿಲ್ಲ. ಗುತ್ತಿಗೆ ಹೊಲದ ಕೆಲವರು ಸಿಕ್ಕ ದರಕ್ಕೆ ಭತ್ತ ಕೊಟ್ಟು, ಮುಂದಿನ ಬೆಳೆ ಹಾಕದೆ ಹೊಲ ಬಿಟ್ಟು ಹೋದರು. ನಮ್ಮ ರಸ್ತೆಯ ಇನ್ನೊಂದು ಗಿರಣಿ ಆ ವರ್ಷ ಮುಚ್ಚಿದ್ದು ಮತ್ತೆ ತೆಗೆಯಲಿಲ್ಲ. ನಮ್ಮದು ಉಳಿಯಿತು. ಬಾಗಿಲು ತೆಗೆದಿದ್ದರಿಂದ ರೈತರು ನಮ್ಮ ದಾರಿ ಮರೆಯಲಿಲ್ಲ. ನೋಟು ಬಂದ ಮೇಲೆ ಮತ್ತೆ ಇಲ್ಲಿಗೇ ಬಂದರು.

ಲಾಕ್‌ಡೌನು ಬಂದಾಗ ಸಂಕಟ ಬೇರೆಯಾಗಿತ್ತು. ಅಕ್ಕಿಗೆ ಕೇಳುವವರು ಬೇಕಾದಷ್ಟಿದ್ದರು. ಗಿರಣಿ ನಡೆಸಲು ಸರ್ಕಾರದ ಅಡ್ಡಿಯೂ ಇರಲಿಲ್ಲ. ಇದ್ದ ಕೊರತೆಯೆಂದರೆ ಹೊರುವ ಹೆಗಲುಗಳದು. ನಮ್ಮ ಹಮಾಲರು ಹೆಚ್ಚಿನವರು ಬಿಹಾರದವರು. ಅವರ ಮುಖಂಡ ಸುಖದೇವ ಬಾಯ್ಲರೂ ನೋಡಿಕೊಳ್ಳುತ್ತಿದ್ದ, ಕನ್ನಡ ಉರ್ದು ಬೆರೆಸಿ ಮಾತಾಡುತ್ತಿದ್ದ. ಎಲ್ಲರೂ ಗಿರಣಿಯ ಹಿಂದಿನ ಖೋಲಿಗಳಲ್ಲೇ ಇದ್ದರು. ಊರಿಂದ ಫೋನು ಬಂದರೆ ಹೊಟ್ಟಿನ ಗುಡ್ಡೆಯ ಹಿಂದೆ ಹೋಗಿ ಮಾತಾಡುವರು. ಕಣ್ಣು ಕೆಂಪಾಗಿದ್ದರೆ ಹೊಟ್ಟಿನ ಧೂಳು ಎನ್ನುವರು.

ಒಂದು ಮುಂಜಾನೆ ಅವರಲ್ಲಿ ಕೆಲವರು ಹೊರಟೇ ಬಿಟ್ಟರು. ಯಾದಗಿರಿಗೆ ನಡೆದು, ಅಲ್ಲಿಂದ ರೈಲಿನ ಹಳಿ ಹಿಡಿದು ಊರಿಗೆ ಹೋಗುವ ಲೆಕ್ಕ. ಪೊಲೀಸರು ಭೀಮಾ ಸೇತುವೆಯ ಹತ್ತಿರ ತಡೆದು ತಿರುಗಿ ಕಳಿಸಿದರು. ಅವರು ಬಿಸಿಲಲ್ಲಿ ಸುಟ್ಟುಕೊಂಡು ವಾಪಸು ಬಂದು ಗೇಟಿನ ಒಳಗೆ ಕುಸಿದು ಕೂತಾಗ ಸಾವ್ಕಾರರೂ ಅಲ್ಲಿದ್ದರು. ಬೇಸಿಗೆಯ ಬೆಳೆ ಅಂಗಳಕ್ಕೆ ಬರತೊಡಗಿತ್ತು. ಈ ಜನ ಹೋದರೆ ಅದನ್ನು ಮುಟ್ಟುವವರಿಲ್ಲ. ಸಾವ್ಕಾರರು ನನ್ನ ಕೈಗೆ ದೊಡ್ಡದೊಂದು ಕೀಲಿ, ಅಂದರೆ ಬೀಗ, ಕೊಟ್ಟರು.

"ಗೇಟಿಗಿ ಕೀಲಿ ಜಡಿ ಭೀಮರಾಯ. ಊಟ ಕೊಡೋಣ, ಪಗಾರ ಕೊಡೋಣ. ಹೊರಗ ಮಾತ್ರ ಬಿಡಬ್ಯಾಡ."

ಅವರ ಮಾತಿಗೆ ನಾನು ಎದುರು ಹೇಳಿದವನಲ್ಲ. ಅಂದು ಮಾತ್ರ ಕೀಲಿಯನ್ನು ತಿರುಗಿ ಅವರ ಮುಂದೆಯೇ ಹಿಡಿದೆ.

"ಕೀಲಿ ಹಾಕಿದ್ರ ಇದು ಗಿರಣಿ ಉಳಿಯಂಗಿಲ್ರಿ ಸಾವ್ಕಾರ್ರ, ಜೇಲ್ ಆಗ್ತದ. ನನ್ನ ಕಡಿಂದ ಆಗಂಗಿಲ್ಲ. ತಗೋರಿ, ನೀವೇ ಹಾಕ್ರಿ."

"ಅವ್ರು ಹೋದ್ರ ಈ ಮಾಲಿನ ಗತಿ ಏನೋ? ನಿನ್ನ ಹೊಟ್ಟೀದೂ ಅದ್ರಾಗೇ ಅದ."

"ಗೊತ್ತದರಿ."

ಸುಖದೇವ ನೆಲದಿಂದಲೇ ಅಂದ, "ಮಾಲಕ್, ರೈಲ್ ಬಿಡೋ ತನಕ ನಾವು ಎಲ್ಲೀ ಹೋಗಲ್ಲ. ಕೆಲಸ ಮಾಡ್ತೀವಿ. ಆದ್ರ ಗೇಟ್ ಖುಲಾ ಇರಲಿ. ಕೀಲಿ ಹಾಕಿದ್ರ ಈ ಹುಡುಗರು ಗೋಡೆ ಹಾರ್ತಾರ."

ಸಾವ್ಕಾರರು ಕೀಲಿ ಕಿತ್ತುಕೊಂಡು ಗೇಟಿನ ತನಕ ಹೋದರು. ನಾನು ಕೆಲಸ ಹೋಯಿತೆಂದೇ ತಿಳಿದಿದ್ದೆ. ಕೊನೆಗೆ ಅವರು ಕೀಲಿಯನ್ನು ಜೇಬಿಗೆ ಹಾಕಿಕೊಂಡು ಆಫೀಸಿನ ಒಳಗೆ ಹೋದರು. ನನ್ನ ಜೊತೆ ಮಾತು ಬಿಟ್ಟರು. ಏನಾದರೂ ಹೇಳಬೇಕಾದರೆ ನನ್ನ ಎದುರಿಗೇ ಇನ್ನೊಬ್ಬರಿಗೆ ಹೇಳುವರು.

ಸುಖದೇವ ಮಾತಿಗೆ ತಪ್ಪಲಿಲ್ಲ. ರೈಲು ಬಿಡುತ್ತಾರೆಂಬ ಸುದ್ದಿ ಬರುವ ತನಕ ಅವನ ಜನ ದುಡಿದರು. ಹೊರಡುವ ದಿನ ಸಾವ್ಕಾರರೇ ಪೊಲೀಸರ ಅನುಮತಿ ತಂದು, ತಮ್ಮ ಲಾರಿಯಲ್ಲಿ ಅವರನ್ನು ಸ್ಟೇಷನ್ನಿಗೆ ಕಳಿಸಿದರು. ಲಾರಿ ತಿರುವು ದಾಟಿದ ಮೇಲೆ ತಿರುಗಿ ಅಂಗಳ ನೋಡಿದೆ. ಭತ್ತ ಗುಡ್ಡವಾಗಿ ಬಿದ್ದಿತ್ತು. ಮುಗಿಲು ಆಗಲೇ ಗುಡುಗುತ್ತಿತ್ತು. ಸುತ್ತಲಿನ ಹಳ್ಳಿಗಳು ದಾರಿಗೆ ಮುಳ್ಳುಕಂಟಿ ಹಚ್ಚಿ ಕೂತಿದ್ದವು; ಅಲ್ಲಿಂದ ಒಬ್ಬ ಹಮಾಲನೂ ಬರುವಂತಿರಲಿಲ್ಲ.

ಮರುದಿನ ಸಾವ್ಕಾರರು ನಮ್ಮ ಓಣಿಗೆ ಬಂದರು. ಅಷ್ಟು ವರ್ಷಗಳಲ್ಲಿ ಅವರ ಕಾರು ಓಣಿಯ ಬಾಯಿಯ ತನಕ ಬಂದು ಹಾರ್ನ್ ಹೊಡೆಯುತ್ತಿತ್ತು, ನಾನು ಓಡಿ ಹೋಗುತ್ತಿದ್ದೆ. ಅಂದು ಇಳಿದು ನಡೆದು ಬಂದು, ನಮ್ಮ ಮನೆಯ ಬುದ್ಧನ ಪಟದ ಕೆಳಗೆ ಕುರ್ಚಿಯಲ್ಲಿ ಕೂತು, ಮುಖದ ಬಟ್ಟೆ ಕೆಳಗೆ ಸರಿಸಿ ನೀರು ಕೇಳಿದರು. ಶಾಂತಮ್ಮ ತಂಬಿಗೆ ಕೊಟ್ಟಳು. ಕುಡಿದರು.

"ಯವ್ವಾ, ನಿನ್ನ ನಾಟಿ ಗುಂಪು ಈಗ ಖಾಲಿ ಅದ ಅಲ್ಲ? ಕರಕೊಂಡು ಬಾ. ಅಂಗಳದಾಗಿನ ನೆಲ್ಲು ಒಳಗ ಹಾಕ್ಬೇಕು, ಅಕ್ಕಿ ಲಾರಿಗಿ ಏರಸ್ಬೇಕು."

"ನಿಮ್ಮ ನೆಲ್ಲಿನ ಚೀಲ ನಮ್ಮ ಕಡಿಂದ ಏಳಂಗಿಲ್ರಿ. ಅರ್ಧ ಚೀಲ ತುಂಬಿದ್ರ ಹೊರತೀವಿ."

"ಆತು, ಅರ್ಧ ತುಂಬ್ರಿ. ಹೆಣ್ಮಕ್ಕಳ ದಿನಗೂಲಿ ಏನದ, ಅದನ್ನ ಕೊಡ್ತೀನಿ."

"ದಿನಗೂಲಿ ಬ್ಯಾಡ್ರಿ. ಹಮಾಲರಿಗಿ ತೂಕದ ಲೆಕ್ಕದಾಗ ಏನ್ ಕೊಡ್ತಿದ್ರಿ, ನಮಗೂ ಅದೇ ಲೆಕ್ಕ."

ಸಾವ್ಕಾರರಿಗೆ ಸಿಟ್ಟು ಬಂತು. "ಹೆಣ್ಮಕ್ಕಳಿಗಿ ಗಂಡಸರ ಕೂಲಿ ಎಲ್ಲ್ಯಾರ ಕೊಟ್ಟಾರೇನು?"

"ಹೊತ್ತವ್ರು ಗಂಡಸರೋ ಹೆಂಗಸರೋ ಅಂತ ಲಾರಿ ಕೇಳ್ತದೇನ್ರಿ?"

ಸಾವ್ಕಾರರು ಮಾತು ಬಿಟ್ಟದ್ದನ್ನು ಮರೆತು ನನ್ನ ಕಡೆ ತಿರುಗಿದರು. "ಭೀಮರಾಯ, ಏನ್ ನೋಡ್ಕೋತ ನಿಂತಿ? ಹೇಳು ನಿನ್ನ ಹೆಂಡ್ತಿಗಿ."

"ಹಮಾಲಿ ಲೆಕ್ಕ ನನಗಿಂತ ಆಕಿಗಿ ಚಲೋ ಗೊತ್ತದರಿ," ಅಂದೆ. ಅದು ನಿಜ. ಗಿರಣಿಯಲ್ಲಿ ಯಾವ ಕೆಲಸಕ್ಕೆ ಎಷ್ಟು ಕೂಲಿಯೆಂದು ನಾನೇ ಮನೆಯಲ್ಲಿ ದಿನಾ ಹೇಳುತ್ತಿದ್ದೆ. ಅವಳು ಸುಮ್ಮನೆ ಕೇಳಿಸಿಕೊಳ್ಳುತ್ತಾಳೆಂದು ತಿಳಿದಿದ್ದೆ ಅಷ್ಟೆ.

ಹೊರಗೆ ಗಾಳಿ ಎದ್ದಿತು. ತಗಡುಗಳು ಬಡಿಯತೊಡಗಿದವು. ಸಾವ್ಕಾರರು ಬಾಗಿಲಿಗೆ ಹೋಗಿ ಮುಗಿಲು ನೋಡಿದರು. "ನಡೀರಿ, ನಡೀರಿ, ಅದೇ ಲೆಕ್ಕ" ಅಂದರು. ಶಾಂತಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಣಿಯ ತುದಿಯ ತನಕ ಕೂಗುತ್ತ ಹೋದಳು.

ಅಂದಿನ ಕೆಲಸ ನನಗೆ ಕಣ್ಣಿಗೆ ಕಟ್ಟಿದಂತಿದೆ. ಮೊದಲು ಎಲ್ಲರೂ ಸೇರಿ ತಾಡಪತ್ರಿ ಎಳೆದು ಮೇಲೆ ಕಲ್ಲು ಹೇರಿದರು. ಮಳೆ ಬಿತ್ತು. ಒಂದು ಬದಿಯ ರಾಶಿ ನೆನೆಯಿತು, ಅದು ಮುಂದೆ ಮೊಳಕೆಯೊಡೆದು ಹಾಳಾಯಿತು. ಉಳಿದದ್ದನ್ನು ಹೆಣ್ಣುಮಕ್ಕಳು ಸಾಲು ನಿಂತು ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಒಳಗೆ ಹಾಕಿದರು. ನಾಟಿಯಲ್ಲಿ ಸಸಿಯ ಕಟ್ಟು ದಾಟಿಸುವ ಪದ್ಧತಿಯೇ ಅದು. ಹಮಾಲರು ಒಬ್ಬೊಬ್ಬರೇ ಬೆನ್ನ ಮೇಲೆ ಹೊತ್ತು ಓಡುವುದನ್ನಷ್ಟೇ ನಾನು ಕಂಡಿದ್ದೆ. ಮೊದಲ ವಾರ ಎಲ್ಲರಿಗೂ ಸೊಂಟ ಹಿಡಿಯಿತು. ಇಬ್ಬರು ಬಿಟ್ಟರು. ಉಳಿದವರು ಗಟ್ಟಿಯಾಗಿ ನಿಂತರು. ಮನೆಯಲ್ಲಿ ನಾನು ಶಾಂತಮ್ಮನ ಬೆನ್ನಿಗೆ ಎಣ್ಣೆ ತಿಕ್ಕುವಾಗ, "ಸಾಕು ಬಿಡು, ನಾಳಿ ಹೋಗಬ್ಯಾಡ" ಅಂದರೆ, "ನೀವು ಕೀಲಿ ವಾಪಸ್ ಕೊಟ್ಟು ಬಂದ್ರಿ, ಅದಕ್ಕ ನಾ ಚೀಲ ಹೊರಾಕತ್ತೀನಿ" ಅನ್ನುವಳು. ಅದು ದೂರೋ, ಹೆಮ್ಮೆಯೋ ನನಗೆ ತಿಳಿಯಲಿಲ್ಲ.

ಆಮೇಲೆ ನಮ್ಮ ಗಿರಣಿಯಲ್ಲಿ ಸಣ್ಣ ಚೀಲವೇ ರೂಢಿಯಾಯಿತು. ಪೇಟೆಯವರೂ ಸಣ್ಣ ಚೀಲವನ್ನೇ ಕೇಳುತ್ತಿದ್ದರು. ಬಿಹಾರದವರು ಸುಖದೇವನ ಜೊತೆ ತಿರುಗಿ ಬಂದರು, ಮೊದಲಿನಷ್ಟು ಜನ ಬರಲಿಲ್ಲ. ಎರಡೂ ಗುಂಪಿಗೆ ಕೆಲಸವಿತ್ತು.

ನಾನು ನಿವೃತ್ತನಾಗುವ ಮುಂಚೆ ಬಂದ ಪೆಟ್ಟು ಎರಡು ದಿಕ್ಕಿನಿಂದ ಬಂತು. ಹೊರದೇಶಕ್ಕೆ ಅಕ್ಕಿ ಕಳಿಸುವುದನ್ನು ಸರ್ಕಾರ ತಡೆಯಿತು. ಬಂದರಿಗೆ ಮಾಲು ಕಳಿಸುವ ವ್ಯಾಪಾರಿಗಳು ನಮ್ಮ ಫೋನು ಎತ್ತುವುದನ್ನೇ ಬಿಟ್ಟರು. ಅದೇ ವರ್ಷ ಮಳೆ ಕೈಕೊಟ್ಟು ಎರಡನೆಯ ಬೆಳೆಗೆ ಕಾಲುವೆಗೆ ನೀರು ಬಿಡಲಿಲ್ಲ. ಹಣಮವ್ವ ಗದ್ದೆಯ ಬದು ಒಡೆದು ಹತ್ತಿ ಹಾಕಿದಳು. ಗಿರಣಿ ವಾರದ ಅರ್ಧದಷ್ಟು ದಿನ ನಡೆದರೆ ಹೆಚ್ಚು. ಸಾವ್ಕಾರರು ಇಬ್ಬರು ಮುಂದಾಳುಗಳನ್ನೂ ಆಫೀಸಿಗೆ ಕರೆದರು. ನನ್ನನ್ನೂ ಕೂರಿಸಿಕೊಂಡರು.

"ಒಂದು ಗುಂಪಿಗಿ ಆಗೂವಷ್ಟೇ ಕೆಲಸ ಅದ. ಇಬ್ಬರನ್ನೂ ಇಟ್ಟುಕೊಳ್ಳಾಕ ಆಗಂಗಿಲ್ಲ. ಯಾರನ್ನ ಬಿಡ್ಲಿ, ನೀವೇ ಹೇಳ್ರಿ."

ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ಅಂದು ಗೇಟಿನ ಒಳಗೆ ನೆಲದ ಮೇಲೆ ಕೂತು ಮಾತು ಕೊಟ್ಟು ಉಳಿಸಿಕೊಂಡ ಮನುಷ್ಯ. ಸುಖದೇವ ಶಾಂತಮ್ಮನ ಕಡೆ ನೋಡಿದ.

"ದೀದಿ, ಒಂದ್ ದಿನ ನಿಮ್ದು, ಒಂದ್ ದಿನ ನಮ್ದು?"

"ಆತಪ್ಪ. ನಿಂಗಿಲ್ಲಿ ಹೊಲ ಇಲ್ಲ, ಮನಿ ಇಲ್ಲ. ನಮ್ಮ ಪಾಳಿ ದಿನ ಲಾರಿ ಎರಡು ಬಂದ್ರ ನಿನ್ನ ಮಂದೀನೂ ಬರ್ಲಿ. ನಮಗ ಹತ್ತಿ ಬಿಡಸೂ ಕೆಲಸರೆ ಸಿಗ್ತದ."

ಸಾವ್ಕಾರರು ಒಪ್ಪಿದರು. ಅವರಿಗೆ ಬೇಕಾದದ್ದು ಒಂದು ಗುಂಪಿನ ಖರ್ಚು, ಅದು ಸಿಕ್ಕಿತ್ತು. ಎರಡು ಗುಂಪೂ ಅರೆಹೊಟ್ಟೆಯಲ್ಲಿ ಆ ವರ್ಷ ದಾಟಿದವು. ಯಾರೂ ಬಿಟ್ಟು ಹೋಗಲಿಲ್ಲ.

ಗಿರಣಿಗೆ ಸೇರುವ ಹುಡುಗರಿಗೆ ಇದಕ್ಕಿಂತ ಹೆಚ್ಚಿನ ಬುದ್ಧಿ ನನ್ನ ಹತ್ತಿರ ಇಲ್ಲ. ದರ ಏರುವುದು ಇಳಿಯುವುದು ನಮ್ಮ ಕೈಯಲ್ಲಿರುವುದಿಲ್ಲ. ಇಳಿದ ದಿನ ಪಕ್ಕದಲ್ಲಿ ಯಾರಿದ್ದಾರೆ, ಅವರ ಜೊತೆ ಹೇಗೆ ನಡೆದುಕೊಂಡೆವು, ಅಷ್ಟು ನಮ್ಮ ಕೈಯಲ್ಲಿರುತ್ತದೆ.

ಈಗ ನಾನು ಮನೆಯಲ್ಲಿದ್ದೇನೆ. ಶಾಂತಮ್ಮ ಇನ್ನೂ ಗಿರಣಿಗೆ ಹೋಗುತ್ತಾಳೆ. ಹೊರುವುದು ಬಿಟ್ಟಿದ್ದಾಳೆ, ಚೀಲದ ಬಾಯಿ ಹೊಲಿಯುತ್ತಾಳೆ, ಗುಂಪು ನೋಡಿಕೊಳ್ಳುತ್ತಾಳೆ. ಬುತ್ತಿ ಕಟ್ಟುವ ಕೆಲಸ ನನ್ನ ಪಾಲಿಗೆ ಬಂದಿದೆ. ರೊಟ್ಟಿ ಬಡಿಯಲು ನನಗೆ ಬರುವುದಿಲ್ಲ, ಅನ್ನ ಮಾಡಿ ಕಟ್ಟುತ್ತೇನೆ. ಸಂಜೆ ಅವಳು ತಲೆಯ ಮೇಲಿನ ತವುಡಿನ ಪುಡಿ ಕೊಡವಿಕೊಳ್ಳುತ್ತ ಬಂದಾಗ ಬಾಗಿಲಲ್ಲೇ ಕೇಳುತ್ತೇನೆ.

"ಇವತ್ತ ಗಿರಣಿ ನಡೀತೇನು?"

"ನಡೀತು."

ಅಷ್ಟು ಕೇಳಿಸಿಕೊಂಡು, ಮರುದಿನಕ್ಕೆ ಅಕ್ಕಿ ಆರಿಸಲು ಕೂರುತ್ತೇನೆ.